ಮಗಳು ರೋಯಿಂಗ್ ಅನ್ನುತ್ತಿದ್ದಾಳೆ. ಬೆಂಗಳೂರಲ್ಲಿ ಇದ್ದುಕೊಂಡು ಇದು ಆಗುತ್ತಾ?

ವಿಜಯನಗರದಮ್ಮ:
ಎಲ್ಲರಿಗೂ ನಮಸ್ಕಾರ. ಮಗಳಿಗೆ 17 ವರ್ಷ, ಎರಡನೇ ಪಿಯುಸಿ ಕಾಮರ್ಸ್. ಎತ್ತರ ಐದು ಅಡಿ ಹತ್ತು ಇಂಚು. ನಮ್ಮ ಎರಡೂ ಕಡೆ ಯಾರೂ ಅಷ್ಟು ಎತ್ತರ ಇಲ್ಲ, ಯಾರನ್ನು ಹೋತಳೋ ದೇವರಿಗೇ ಗೊತ್ತು. ಹೈಸ್ಕೂಲಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದಳು, ಆಮೇಲೆ ಬಿಟ್ಟಳು. ಎರಡು ತಿಂಗಳ ಹಿಂದೆ ಮನೆ ಹತ್ತಿರದ ಜಿಮ್‌ನಲ್ಲಿ ರೋಯಿಂಗ್ ಮಷೀನ್ ಮೇಲೆ 500 ಮೀಟರ್ ಸ್ಪರ್ಧೆ ಇಟ್ಟಿದ್ದರು. ಇವಳು 1 ನಿಮಿಷ 51 ಸೆಕೆಂಡಲ್ಲಿ ಮುಗಿಸಿದಳು. ಗಂಡು ಹುಡುಗರಲ್ಲೇ ಎಷ್ಟೋ ಜನ ಇವಳ ಹಿಂದೆ. ಅಲ್ಲಿನ ಟ್ರೇನರ್ "ನೀನು ನಿಜವಾದ ದೋಣಿಯಲ್ಲಿ ಇರಬೇಕಿತ್ತು" ಅಂದುಬಿಟ್ಟರು. ಅಷ್ಟೇ ಸಾಕಾಯಿತು. ಈಗ ಊಟಕ್ಕೆ ಕೂತರೂ ಫೋನಲ್ಲಿ ದೋಣಿ ರೇಸು.

ಅವಳ ಅಪ್ಪ "ಬೆಂಗಳೂರಲ್ಲಿ ಕುಡಿಯೋ ನೀರಿಗೇ ಟ್ಯಾಂಕರ್ ಕರೆಸಬೇಕು, ಇವಳು ದೋಣಿ ಹೊಡೆಯುತ್ತಾಳಂತೆ" ಅಂತ ನಗುತ್ತಾರೆ. ನನಗೆ ನಗು ಬರುತ್ತಿಲ್ಲ. ಎಲ್ಲಿ ಕಲಿಸುತ್ತಾರೆ? 17 ಅಂದರೆ ತಡವಾಯಿತಾ? ಮುಂದೆ ಇದು ಅನ್ನ ಹಾಕುತ್ತಾ? ತಿಳಿದವರು ದಯವಿಟ್ಟು ಹೇಳಿ.

ಮದ್ದೂರುವಡೆ:
ಅಕ್ಕ, ಮಳೆಗಾಲದವರೆಗೆ ಕಾಯಿರಿ. 2022ರ ಸೆಪ್ಟೆಂಬರಲ್ಲಿ ಸರ್ಜಾಪುರ ರಸ್ತೆ ಕಡೆಯ ಲೇಔಟ್‌ಗಳಲ್ಲಿ ಜನರನ್ನು ದೋಣಿಯಲ್ಲೇ ಹೊರಗೆ ತಂದಿದ್ದು ನೆನಪಿದೆ ಅಲ್ವಾ. ಮನೆ ಬಾಗಿಲಲ್ಲೇ ಪ್ರಾಕ್ಟೀಸ್.

ಎಪ್ಪತ್ತೆರಡೂವರೆ:
ಈಜು ಬರುತ್ತಾ ಅವಳಿಗೆ?

ಕೆರೆಏರಿ:
ತಮಾಷೆ ಪಕ್ಕಕ್ಕಿಡೋಣ. ನಾನು ಹನ್ನೆರಡು ವರ್ಷದಿಂದ ಹಲಸೂರು ಕೆರೆ ಸುತ್ತ ಬೆಳಗ್ಗೆ ವಾಕಿಂಗ್ ಮಾಡುವವನು. ನೀರಿನ ವಿಷಯ ಮಾತ್ರ ಹೇಳುತ್ತೇನೆ.

ಒಲಿಂಪಿಕ್ಸ್ ಮಟ್ಟದ ರೋಯಿಂಗ್ ರೇಸ್ 2000 ಮೀಟರ್. ತಿರುವು ಇರಬಾರದು, ನೇರ ಗೆರೆ. ಆರು ಲೇನ್, ಪಕ್ಕದಲ್ಲಿ ದೋಣಿಗಳು ವಾಪಸ್ ಬರಲು ಜಾಗ. ಹಲಸೂರು ಕೆರೆ ಸುಮಾರು 123 ಎಕರೆ, ನಡುವೆ ದ್ವೀಪಗಳು. ಯಾವ ಮೂಲೆಯಿಂದ ಯಾವ ಮೂಲೆಗೆ ಗೆರೆ ಎಳೆದರೂ ಎರಡು ಕಿಲೋಮೀಟರ್ ಸಿಗುವುದಿಲ್ಲ. ಸ್ಯಾಂಕಿ ಕೆರೆ ಅದಕ್ಕಿಂತ ಎಷ್ಟೋ ಚಿಕ್ಕದು. 1882ರಲ್ಲಿ ಅದನ್ನು ಕಟ್ಟಿಸಿದ್ದು ನೀರಿಗೋಸ್ಕರ, ರೇಸಿಗೋಸ್ಕರ ಅಲ್ಲವಲ್ಲ.

ಹಲಸೂರಲ್ಲಿ ಪಕ್ಕದಲ್ಲೇ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೆ. ಸೈನಿಕರು ನೀರಿಗಿಳಿದು ತರಬೇತಿ ಮಾಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಕೆಲವು ತಿಂಗಳು ನೀರು ಚೆನ್ನಾಗಿರುತ್ತದೆ. ಕೆಲವು ತಿಂಗಳು ಅಂತರಗಂಗೆ ಎಷ್ಟು ದಟ್ಟವಾಗಿ ಹಬ್ಬಿರುತ್ತದೆ ಅಂದರೆ ಕೊಕ್ಕರೆ ಅದರ ಮೇಲೇ ನಡೆದು ಹೋಗುತ್ತದೆ. 2016ರ ಮಾರ್ಚಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದವು, ಆ ವಾರ ನಾನು ವಾಕಿಂಗೇ ಬಿಟ್ಟೆ. ಕಳೆ ಇರುವ ನೀರಲ್ಲಿ ಆ ಸಪೂರ ದೋಣಿ ಒಂದು ಮಾರೂ ಹೋಗುವುದಿಲ್ಲ.

ದೊಡ್ಡ ನೀರು ಬೇಕಿದ್ದರೆ ಹೈದರಾಬಾದಿನ ಹುಸೇನ್ ಸಾಗರ, ಭೋಪಾಲದ ದೊಡ್ಡ ಕೆರೆ, ಚಂಡೀಗಢದ ಸುಖನಾ, ಪುಣೆಯಲ್ಲಿ ಸೇನೆಯ ರೋಯಿಂಗ್ ಕೇಂದ್ರ, ಕೇರಳದ ಆಲಪ್ಪುಳ, ಒಡಿಶಾದ ಜಗತ್‌ಪುರ. ನಮ್ಮೂರಿನ ಹೆಸರು ಆ ಸಾಲಲ್ಲಿ ಇಲ್ಲ.

ವಿಜಯನಗರದಮ್ಮ:
ಧನ್ಯವಾದ ಸರ್. ಅಂದರೆ ಹಾಸ್ಟೆಲ್ಲೇ ಗತಿ ಅನ್ನಿ. ನಮ್ಮ ಯಜಮಾನರಿಗೆ ಇದನ್ನು ಇನ್ನೂ ಓದಿ ಹೇಳಿಲ್ಲ.

ಲೆಕ್ಕಪತ್ರ:
ಅಮ್ಮ, ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. ನಮ್ಮ ದೇಶದಲ್ಲಿ ರೋಯಿಂಗ್ ಅಂದರೆ ಸೇನೆ. ಏಷ್ಯನ್ ಗೇಮ್ಸ್ ರೋಯಿಂಗಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದವರು ಬಜರಂಗ್ ಲಾಲ್ ತಾಖರ್, 2010ರಲ್ಲಿ ಗುವಾಂಗ್‌ಝೌನಲ್ಲಿ. ರಾಜಸ್ಥಾನದ ಸೀಕರ್ ಕಡೆಯವರು, ಸೇನೆಯವರು. ದತ್ತು ಭೋಕನಾಳ್ ನಾಸಿಕ್ ಹತ್ತಿರದ ಬರಪೀಡಿತ ಹಳ್ಳಿಯವರು, ಬಾವಿ ತೋಡುವ ಕೆಲಸ ಮಾಡಿದ್ದವರು. 2012ರಲ್ಲಿ ಸೇನೆ ಸೇರಿದರು, ಹುಟ್ಟು ಹಿಡಿದದ್ದೇ ಅಲ್ಲಿ. ನಾಲ್ಕು ವರ್ಷಕ್ಕೆ ರಿಯೊ ಒಲಿಂಪಿಕ್ಸಲ್ಲಿ 13ನೇ ಸ್ಥಾನ. ಟೋಕಿಯೋದಲ್ಲಿ 11ನೇ ಸ್ಥಾನ ಬಂದ ಅರ್ಜುನ್ ಲಾಲ್ ಜಾಟ್ ಮತ್ತು ಅರವಿಂದ್ ಸಿಂಗ್, ಪ್ಯಾರಿಸ್‌ಗೆ ಹೋದ ಬಲರಾಜ್ ಪನ್ವರ್, ಎಲ್ಲರೂ ಸೇನೆಯವರೇ.

ನೀರೇ ಇಲ್ಲದ ಊರಿನ ಹುಡುಗರು ನೀರಿನ ಆಟದಲ್ಲಿ ಗೆಲ್ಲುತ್ತಾರೆ. ಯಾಕೆ? ಸೇನೆ ದೋಣಿ ಕೊಡುತ್ತದೆ, ಊಟ ಕೊಡುತ್ತದೆ, ತಿಂಗಳಿಗೆ ಸಂಬಳ ಕೊಡುತ್ತದೆ. ಒಂದು ಒಳ್ಳೆಯ ವಿದೇಶಿ ದೋಣಿಗೆ ಕಾರಿನಷ್ಟು ದುಡ್ಡು. ವಿಜಯನಗರದ ಮನೆ ಮುಂದೆ ಎಂಟು ಮೀಟರ್ ಉದ್ದದ ದೋಣಿ ಎಲ್ಲಿ ನಿಲ್ಲಿಸುತ್ತೀರಿ?

ಇನ್ನೊಂದು ಮಾತು. ಭಾರತದ ಹೆಣ್ಣುಮಗಳು ಒಬ್ಬಳೂ ಇವತ್ತಿನವರೆಗೆ ರೋಯಿಂಗಲ್ಲಿ ಒಲಿಂಪಿಕ್ಸ್‌ಗೆ ಹೋಗಿಲ್ಲ. ಡಿಗ್ರಿ ಮಾಡಿಸಿ.

ನೀಲಿಸೀರೆ:
@ಲೆಕ್ಕಪತ್ರ ಲೆಕ್ಕದಲ್ಲಿ ಒಂದು ಸಾಲು ಬಿಟ್ಟಿದ್ದೀರಿ. ಅದೇ 2010ರ ಏಷ್ಯನ್ ಗೇಮ್ಸ್‌ನಲ್ಲಿ ಪ್ರತಿಮಾ ಪುಹಾನಾ, ಪ್ರಮಿಳಾ ಪ್ರವಾ ಮಿಂಜ್ ಅಂತ ಒಡಿಶಾದ ಇಬ್ಬರು ಹುಡುಗಿಯರು ಜೋಡಿ ದೋಣಿಯಲ್ಲಿ ಕಂಚು ಗೆದ್ದರು. ತಾಖರ್ ಹೆಸರು ಎಲ್ಲರಿಗೂ ನೆನಪಿದೆ, ಇವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಇನ್ನು ಯಾರೂ ಹೋಗಿಲ್ಲ ಅನ್ನುವುದು ಹೋಗಬೇಡ ಅನ್ನಲು ಕಾರಣವಾ? ನನಗೇನೋ ಅದು ಉಲ್ಟಾ ಕಾಣುತ್ತದೆ.

17 ತಡ ಅಲ್ಲವೇ ಅಲ್ಲ. ಬ್ರಿಟನ್ನಿನ ಹೆಲೆನ್ ಗ್ಲೋವರ್ 2008ರಲ್ಲಿ, ಇಪ್ಪತ್ತು ದಾಟಿದ ಮೇಲೆ, ಎತ್ತರದ ಕ್ರೀಡಾಪಟುಗಳನ್ನು ಹುಡುಕುವ ಒಂದು ಯೋಜನೆಯಿಂದ ರೋಯಿಂಗ್‌ಗೆ ಬಂದವರು. 2012ರಲ್ಲಿ ಒಲಿಂಪಿಕ್ಸ್ ಚಿನ್ನ. ಟೆನಿಸ್, ಜಿಮ್ನಾಸ್ಟಿಕ್ಸ್ ಥರ ಐದನೇ ವರ್ಷಕ್ಕೆ ಶುರು ಮಾಡಬೇಕಾದ ಆಟ ಅಲ್ಲ ಇದು.

ಲೆಕ್ಕಪತ್ರ:
ಕಂಚಿನ ವಿಷಯ ಒಪ್ಪಿದೆ. ಬಿಟ್ಟದ್ದು ತಪ್ಪು. ಬ್ರಿಟನ್ ಬೇರೆ, ನಾವು ಬೇರೆ.

ಹರಿಗೋಲು:
ಸುಮ್ನೆ ಒಂದು ಡೌಟು. ನನ್ನ ಮಗ ಕುಳ್ಳ, ಆದರೆ ಗಂಟಲು ಜೋರು. ದೋಣಿ ತುದಿಯಲ್ಲಿ ಕೂತು ಕೂಗುತ್ತಾರಲ್ಲ, ಆ ಕೆಲಸಕ್ಕೆ ತಗೊಳ್ಳುತ್ತಾರಾ?

ಎಪ್ಪತ್ತೆರಡೂವರೆ:
@ಹರಿಗೋಲು ಅವರನ್ನು ಕಾಕ್ಸ್ ಅನ್ನುತ್ತಾರೆ. ಕನಿಷ್ಠ 55 ಕೆಜಿ ಇರಬೇಕು, ಕಡಿಮೆ ಇದ್ದರೆ ಮರಳಿನ ಚೀಲ ಜೊತೆಗೆ ಇಡುತ್ತಾರೆ. ಬರೀ ಕೂಗುವುದಲ್ಲ ಸ್ವಾಮಿ, ದೋಣಿ ತಿರುಗಿಸುವವನೂ ಅವನೇ. ಎಂಟು ಜನ ಹುಟ್ಟು ಹಾಕುವವರಲ್ಲಿ ಒಬ್ಬನಿಗೂ ಮುಂದಿನ ದಾರಿ ಕಾಣುವುದಿಲ್ಲ, ಕಾಣುವುದು ಅವನೊಬ್ಬನಿಗೇ.

@ವಿಜಯನಗರದಮ್ಮ, ಕೇಳಿದ್ದಕ್ಕೆ ಉತ್ತರ ಬಂದಿಲ್ಲ. ಈಜು ಬರುತ್ತಾ?

ವಿಜಯನಗರದಮ್ಮ:
ಸರ್, ನೀವು ಈ ಆಟ ಆಡಿದವರಾ? ನಿಮ್ಮ ಅನುಭವ ಹೇಳಿದರೆ ಉಪಕಾರ ಆಗುತ್ತದೆ.

ಎಪ್ಪತ್ತೆರಡೂವರೆ:
ಒಂಬತ್ತು ವರ್ಷ ಆಡಿದೆ. ಉದ್ದ ಆಗುತ್ತದೆ, ತಾಳ್ಮೆ ಇದ್ದವರು ಓದಿ.

ನಮ್ಮದು ತಿಪಟೂರು ಕಡೆ. ಕೆರೆ ಇತ್ತು, ಮಳೆ ಬಂದ ವರ್ಷ ಮಾತ್ರ ನೀರಿರುತ್ತಿತ್ತು. ಸಮವಸ್ತ್ರದ ಕೆಲಸಕ್ಕೆ ಸೇರಿದಾಗ ಓಟದಲ್ಲಿ ಮುಂದಿದ್ದೆ. ಒಂದು ದಿನ ಎತ್ತರ ಇದ್ದವರನ್ನೆಲ್ಲ ಸಾಲಾಗಿ ನಿಲ್ಲಿಸಿದರು, ತೋಳು ಚಾಚಿಸಿ ಅಳೆದರು, ನಾಲ್ಕು ಜನರನ್ನು ಆರಿಸಿದರು. "ನಾಳೆಯಿಂದ ದೋಣಿ" ಅಂದರು. ನಾನು ಮೀನು ಹಿಡಿಯೋಕೆ ಅಂದುಕೊಂಡಿದ್ದೆ.

ಮೊದಲ ತಿಂಗಳು ದೋಣಿ ಮಗುಚಿದ್ದೇ ಜಾಸ್ತಿ. ಒಬ್ಬರ ದೋಣಿ ಹದಿನಾಲ್ಕು ಕೆಜಿ ಅಷ್ಟೇ, ಅಗಲ ನಮ್ಮ ಸೊಂಟಕ್ಕಿಂತ ಸ್ವಲ್ಪ ಹೆಚ್ಚು. ಎರಡು ಹುಟ್ಟೇ ಅದಕ್ಕೆ ಕೈಯಾಸರೆ, ಬಿಟ್ಟರೆ ಮಗುಚಿತು ಅಂತಲೇ. ಅಂಗೈ ತುಂಬ ಬೊಬ್ಬೆ. ಬೊಬ್ಬೆ ಒಡೆದು, ಅದರ ಮೇಲೆ ಬೊಬ್ಬೆ ಎದ್ದು, ಆಮೇಲೆ ಜಡ್ಡುಗಟ್ಟಿತು. ಊರಿಗೆ ಹೋದಾಗ ಅಮ್ಮ ಕೈ ನೋಡಿ "ಹೊಲದ ಕೆಲಸ ತಪ್ಪಲಿ ಅಂತ ಕಳಿಸಿದರೆ ಇದೇನೋ" ಅಂದಳು. ಇದು ತೋಳಿನ ಆಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ, ಕಾಲಿನದು. ಸೀಟು ಹಳಿಯ ಮೇಲೆ ಜಾರುತ್ತದೆ. ಮಂಡಿ ಮಡಚಿ ಮುಂದೆ ಬಂದು, ಹುಟ್ಟು ನೀರಿಗಿಳಿಸಿ, ಕಾಲಿಂದ ಒದೆಯಬೇಕು. ಬೆನ್ನು, ತೋಳು ಆಮೇಲೆ ಬರುತ್ತವೆ.

ಈಗ ನನ್ನ ಹೆಸರಿನ ಕಥೆ. ನಾನು ಆಡುತ್ತಿದ್ದದ್ದು ಲೈಟ್‌ವೇಟ್ ಜೋಡಿ ದೋಣಿ. ಗಂಡಸರ ನಿಯಮ ಹೀಗೆ: ಯಾರೂ 72.5 ಕೆಜಿ ದಾಟಬಾರದು, ಇಬ್ಬರ ಸರಾಸರಿ 70 ದಾಟಬಾರದು. ನಾನು ನೆಮ್ಮದಿಯಾಗಿ ಉಂಡರೆ 77. ಹಾಗಾಗಿ ನಾನು 72.5ಕ್ಕೆ ಇಳಿಯಬೇಕು, ಜೊತೆಗಾರ 67.5 ಇರಬೇಕು. ಪಾಪ, ಅವನ ತೂಕ ಸಹಜವಾಗಿ 69. ನಾನು ಎರಡು ಚಪಾತಿ ತಿನ್ನಲಿ ಅಂತ ಅವನು ಒಂದು ಬಿಡುತ್ತಿದ್ದ. ಐದು ವರ್ಷ ಹೀಗೇ ನಡೆಯಿತು. ಅಣ್ಣ ತಮ್ಮಂದಿರು ಅಷ್ಟು ಮಾಡುವುದಿಲ್ಲ.

ರೇಸಿಗೆ ಎರಡು ಗಂಟೆಯಿಂದ ಒಂದು ಗಂಟೆ ಮುಂಚಿನ ಒಳಗೆ ತೂಕ ಹಾಕುತ್ತಾರೆ. ಒಂದು ರಾಷ್ಟ್ರೀಯ ಕೂಟದಲ್ಲಿ ಬೆಳಗ್ಗೆ ಐದಕ್ಕೆ ಎರಡು ಸ್ವೆಟರ್, ಮೇಲೆ ಪ್ಲಾಸ್ಟಿಕ್ ಜಾಕೆಟ್ ಹಾಕಿ ಓಡಿದೆ. ತಕ್ಕಡಿ ಹತ್ತಿದರೆ 72.6. ನೂರು ಗ್ರಾಂ ಜಾಸ್ತಿ. ಬೆವರು ಬರುತ್ತಿಲ್ಲ, ಒಳಗೆ ನೀರೇ ಉಳಿದಿಲ್ಲ. ಜೊತೆಗಾರ ಎಲ್ಲಿಂದಲೋ ಒಂದು ತುಣುಕು ಹುಣಸೆಹಣ್ಣು ತಂದು ಬಾಯಿಗೆ ತುರುಕಿದ. "ನುಂಗಬೇಡ, ಉಗಿ" ಅಂದ. ಮೂಲೆಯಲ್ಲಿ ಕೂತು ಖಾಲಿ ಬಾಟಲಿಗೆ ಇಪ್ಪತ್ತು ನಿಮಿಷ ಉಗಿದೆ. ಮತ್ತೆ ಹತ್ತಿದೆ. 72.5. ತೂಕ ನೋಡುವ ಅಧಿಕಾರಿ ನನ್ನ ಮುಖ ನೋಡಿ ಏನೂ ಅನ್ನದೆ ಸಹಿ ಹಾಕಿದರು. ಆಮೇಲೆ ಓಆರ್‌ಎಸ್, ಎರಡು ಬಾಳೆಹಣ್ಣು, ನೇರ ನೀರಿಗೆ.

ಆ ದಿನ ಕಂಚು ಬಂತು. ನಮ್ಮ ಪಾಲಿಗೆ ಅದೇ ದೊಡ್ಡದು.

ರೇಸ್ ಬಗ್ಗೆ ಒಂದೇ ಮಾತು. ನಾವು ಹಿಮ್ಮುಖವಾಗಿ ಕೂತಿರುತ್ತೇವೆ ಅಲ್ವಾ. ಮುಂದೆ ಇರುವವನಿಗೆ ಎಲ್ಲರೂ ಕಾಣುತ್ತಾರೆ. ಹಿಂದೆ ಬಿದ್ದವನಿಗೆ ಯಾರೂ ಕಾಣುವುದಿಲ್ಲ, ಖಾಲಿ ನೀರು ಅಷ್ಟೇ. 1000 ಮೀಟರ್ ಆದ ಮೇಲೆ ತೊಡೆ ಉರಿಯುತ್ತದೆ, ಕಿವಿ ಮುಚ್ಚಿದ ಹಾಗಾಗುತ್ತದೆ. ಆ ಹೊತ್ತಲ್ಲಿ ಖಾಲಿ ನೀರು ನೋಡಿಕೊಂಡು ಕಾಲು ಒದೆಯುವುದಿದೆಯಲ್ಲ, ಅದನ್ನು ಯಾವ ಜಿಮ್ ಮಷೀನೂ ಕಲಿಸುವುದಿಲ್ಲ. 2018ರ ಏಷ್ಯನ್ ಗೇಮ್ಸ್‌ನಲ್ಲಿ ದುಷ್ಯಂತ್ ಚೌಹಾಣ್ ಲೈಟ್‌ವೇಟ್ ಕಂಚು ಗೆದ್ದು ಅಲ್ಲೇ ಕುಸಿದರು, ಸ್ಟ್ರೆಚರ್ ಮೇಲೆ ಒಯ್ದರು. ದತ್ತು ಹಿಂದಿನ ದಿನ ಹುಷಾರಿಲ್ಲದೆ ಒಬ್ಬರ ರೇಸಲ್ಲಿ ಕೊನೆಗೆ ಬಂದಿದ್ದರು. ಮಾರನೇ ದಿನ ಸವರ್ಣ್ ಸಿಂಗ್, ಓಂ ಪ್ರಕಾಶ್, ಸುಖಮೀತ್ ಸಿಂಗ್ ಜೊತೆ ನಾಲ್ವರ ದೋಣಿಯಲ್ಲಿ ಚಿನ್ನ. ಅದನ್ನು ನಾನು ಕ್ಯಾಂಟೀನಿನ ಟಿವಿಯಲ್ಲಿ ನೋಡಿದೆ.

ಆಮೇಲೆ ಏನಾಯಿತು? ಲೈಟ್‌ವೇಟ್ 1996ರಲ್ಲಿ ಒಲಿಂಪಿಕ್ಸ್‌ಗೆ ಬಂದಿತ್ತು. 2024ರ ಪ್ಯಾರಿಸ್ಸಿಗೆ ಮುಗಿಯಿತು. 2028ರ ಲಾಸ್ ಏಂಜಲೀಸ್‌ನಲ್ಲಿ ಅದರ ಬದಲು ಸಮುದ್ರ ದಡದ ಸ್ಪ್ರಿಂಟ್ ರೇಸು. ತೀರ್ಮಾನ ಹೊರಬಿದ್ದ ಮೇಲೆ ನಮ್ಮಂಥವರನ್ನು ಕ್ಯಾಂಪಿಗೆ ಕರೆಯುವುದು ಕಡಿಮೆಯಾಯಿತು. ತೊಂಬತ್ತು ಕೆಜಿಯ ಆಳುಗಳ ಜೊತೆ ನಾನು ಹುಟ್ಟು ಹಾಕಬೇಕು ಅಂದರು. ಪ್ರಯತ್ನ ಪಟ್ಟೆ. ಬೆನ್ನಿನ ಡಿಸ್ಕ್ ಜಾರಿತು. ನಾನು ಸೋತಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಐದು ವರ್ಷ ಹಸಿದುಕೊಂಡು ಕಾಪಾಡಿದ ತೂಕಕ್ಕೆ ಒಂದು ದಿನ ಬೆಲೆಯೇ ಇಲ್ಲ ಅಂದುಬಿಟ್ಟರಲ್ಲ, ಅದು.

ಈಗ ಬೆಂಗಳೂರಲ್ಲೇ ಟೇಬಲ್ ಕೆಲಸ. ಸಂಬಳ ನಿಂತಿಲ್ಲ. ಅದೊಂದೇ ಕಾರಣಕ್ಕೆ ಇದನ್ನೆಲ್ಲ ಆರಾಮಾಗಿ ಕೂತು ಬರೆಯುತ್ತಿದ್ದೇನೆ. ನನ್ನ ಜೊತೆಗಾರ ಕಾಂಟ್ರಾಕ್ಟ್ ಮೇಲೆ ಇದ್ದವನು. ಪದಕ ಬಂದಾಗ ಹಾರ ಹಾಕಿದವರು ಆಮೇಲೆ ಅವನ ಫೋನ್ ಎತ್ತಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುವ ಗಾದೆ ನಮ್ಮನ್ನು ನೋಡಿಯೇ ಕಟ್ಟಿರಬೇಕು.

ಹಾಗಾಗಿ ಅಕ್ಕ, ಪದಕದ ಲೆಕ್ಕ ಕೇಳಬೇಡಿ. ಎರಡು ಕೇಳಿ. ವರ್ಷಕ್ಕೆ ಎಷ್ಟು ದಿನ ನೀರು ಸಿಗುತ್ತದೆ? 25ನೇ ವಯಸ್ಸಲ್ಲಿ ಸಂಬಳ ಯಾರು ಕೊಡುತ್ತಾರೆ?

ಮದ್ದೂರುವಡೆ:
ಮೇಲೆ ತಮಾಷೆ ಮಾಡಿದ್ದಕ್ಕೆ ಕ್ಷಮಿಸಿ ಸರ್. ಹುಣಸೆಹಣ್ಣಿನ ಭಾಗ ಓದಿ ನನ್ನ ಬಾಯಲ್ಲಿ ನೀರು ಬಂತು, ಕಣ್ಣಲ್ಲೂ ಬಂತು.

ಬೆನ್ನುಮೂಳೆ:
ಫಿಸಿಯೋಥೆರಪಿ ನನ್ನ ಕೆಲಸ. ರೋಯಿಂಗ್ ಮಾಡುವವರಲ್ಲಿ ಸೊಂಟದ ನೋವು ಮತ್ತು ಪಕ್ಕೆಲುಬಿನ ಸಣ್ಣ ಬಿರುಕು ಸಾಮಾನ್ಯ. ಜಿಮ್ ಮಷೀನಲ್ಲಿ ಹುಡುಗರು ಡ್ಯಾಂಪರನ್ನು, ಅಂದರೆ ಎಳೆತ ಎಷ್ಟು ಭಾರ ಇರಬೇಕು ಅಂತ ಹೊಂದಿಸುವ ಹಿಡಿಯನ್ನು, ಹತ್ತಕ್ಕೆ ತಿರುಗಿಸಿ ಎಳೆಯುತ್ತಾರೆ, ಅದು ದೊಡ್ಡಸ್ತಿಕೆಗೆ ಅಷ್ಟೇ. ನಾಲ್ಕು, ಐದು ಸಾಕು. ಬೆನ್ನು ಬಿಲ್ಲಿನ ಹಾಗೆ ಬಾಗಬಾರದು. ಇನ್ನೊಂದು ವಿಷಯ ತಾಯಿಗೆ ಮಾತ್ರ: ಅಷ್ಟು ಶ್ರಮಕ್ಕೆ ತಕ್ಕ ಊಟ ಇಲ್ಲದಿದ್ದರೆ ಹುಡುಗಿಯರಿಗೆ ಮುಟ್ಟು ನಿಲ್ಲುತ್ತದೆ, ಮೂಳೆ ದುರ್ಬಲವಾಗುತ್ತದೆ. ಮುಟ್ಟು ತಪ್ಪಿದರೆ "ಆಟದ ಹುಡುಗಿಗೆ ಅದೆಲ್ಲ ಇದ್ದದ್ದೇ" ಅಂತ ಬಿಡಬೇಡಿ, ಡಾಕ್ಟರ್ ಹತ್ತಿರ ಹೋಗಿ. ಲೈಟ್‌ವೇಟ್ ಹೋದದ್ದು ಹುಡುಗಿಯರ ಮಟ್ಟಿಗೆ ಒಳ್ಳೆಯದೇ ಅಂತ ನನ್ನ ಅಭಿಪ್ರಾಯ. ಅವರ ಮಿತಿ 59 ಕೆಜಿ ಇತ್ತು, ಸರಾಸರಿ 57. ಐದು ಹತ್ತರ ಹುಡುಗಿ ಅಷ್ಟಕ್ಕೆ ಇಳಿದರೆ ಏನು ಉಳಿಯುತ್ತಾಳೆ?

ನೀಲಿಸೀರೆ:
ಇಲ್ಲಿ ಯಾರೂ ಹೇಳದ ದಾರಿ ಒಂದಿದೆ. ಅಮೆರಿಕದ ಕಾಲೇಜುಗಳಲ್ಲಿ ಹೆಂಗಸರ ರೋಯಿಂಗ್ ದೊಡ್ಡ ಆಟ. 1997ರಿಂದ ಅವರ ಕಾಲೇಜು ಕ್ರೀಡಾ ಸಂಸ್ಥೆಯೇ ಚಾಂಪಿಯನ್‌ಶಿಪ್ ನಡೆಸುತ್ತದೆ. ಗಂಡಸರ ಫುಟ್‌ಬಾಲ್ ತಂಡಕ್ಕೆ ಸರಿದೂಗಿಸಲು ಹೆಂಗಸರ ದೊಡ್ಡ ತಂಡ ಬೇಕಾಗುತ್ತದೆ, ಹಾಗಾಗಿ ಎತ್ತರದ ಹುಡುಗಿಯರನ್ನು ಏನೂ ಗೊತ್ತಿಲ್ಲದಿದ್ದರೂ ಸೇರಿಸಿಕೊಂಡು ಕಲಿಸುವ ಕಾಲೇಜುಗಳೂ ಇವೆ. ಸ್ಕಾಲರ್‌ಶಿಪ್ ಸಿಗಬೇಕಿದ್ದರೆ ಮಾತ್ರ ಮಷೀನಿನ ಸಮಯ ಚೆನ್ನಾಗಿರಬೇಕು, ಅದೂ 500 ಅಲ್ಲ, 2000 ಮೀಟರಿನದು. ಕಾಮರ್ಸ್ ಹುಡುಗಿ, ಓದೂ ಬಿಡಬೇಕಾಗಿಲ್ಲ.

ಲೆಕ್ಕಪತ್ರ:
ಇದು ನನಗೆ ಗೊತ್ತಿರಲಿಲ್ಲ. ವೀಸಾ, ವಿಮಾನ, ಉಳಿದ ಖರ್ಚು ಕೂಡಿಸಿ ನೋಡಿ ಆಮೇಲೆ ಖುಷಿ ಪಡಿ.

ಎಪ್ಪತ್ತೆರಡೂವರೆ:
2000 ಮೀಟರ್ ಮಾಡಿಸಿ, ಆದರೆ ನಾಳೆಯೇ ಬೇಡ. ಮೂರು ವಾರ ನಿಧಾನವಾಗಿ ಅರ್ಧರ್ಧ ಗಂಟೆ ಎಳೆಯಲಿ. ಆಮೇಲೆ ಒಂದೇ ಸಲ ಮನಸ್ಸಿಟ್ಟು ಮಾಡಲಿ. 500ರಲ್ಲಿ 1:51 ಬಂದವಳು 2000ರಲ್ಲಿ 7:24 ಬರುತ್ತಾಳೆ ಅಂತ ನಾಲ್ಕರಿಂದ ಗುಣಿಸಬೇಡಿ, ಹಾಗೆ ಆಗುವುದೇ ಇಲ್ಲ. ಎಂಟು ನಿಮಿಷದ ಹತ್ತಿರ ಬಂದರೆ ಹುಡುಗಿಯಲ್ಲಿ ಏನೋ ಇದೆ.

ಮೂರನೇ ಸಲ ಕೇಳುತ್ತಿದ್ದೇನೆ. ಈಜು?

ವಿಜಯನಗರದಮ್ಮ:
ಸರ್, ಬೇಕಂತಲೇ ಉತ್ತರ ಕೊಟ್ಟಿರಲಿಲ್ಲ. ಅವಳಿಗೆ ಈಜು ಬರುವುದಿಲ್ಲ. ನನಗೂ ಬರುವುದಿಲ್ಲ. ನನ್ನ ತಮ್ಮ ಚಿಕ್ಕವನಿದ್ದಾಗ ಊರ ಕೆರೆಯಲ್ಲಿ ಹೋದ. ಅದಕ್ಕೇ ಇವಳನ್ನು ನೀರಿನ ಹತ್ತಿರ ಬಿಟ್ಟಿರಲಿಲ್ಲ. ಈಗ ನೋಡಿದರೆ ಅವಳಿಗೆ ಬೇಕಾಗಿರುವುದೇ ನೀರು.

ಎಪ್ಪತ್ತೆರಡೂವರೆ:
ಅಕ್ಕ, ತಮ್ಮನ ವಿಷಯ ಗೊತ್ತಿದ್ದರೆ ಹಾಗೆ ಕುಟ್ಟಿ ಕುಟ್ಟಿ ಕೇಳುತ್ತಿರಲಿಲ್ಲ. ಆದರೂ ಕೇಳಿದ್ದಕ್ಕೆ ಕಾರಣ ಇದೆ. 2022ರ ಮೇ ತಿಂಗಳಲ್ಲಿ ಕೋಲ್ಕತ್ತಾದ ರವೀಂದ್ರ ಸರೋವರದಲ್ಲಿ ಅಭ್ಯಾಸ ಮಾಡುತ್ತಿದ್ದ ಹುಡುಗರ ದೋಣಿ ಬಿರುಗಾಳಿಗೆ ಮಗುಚಿತು. ಇಬ್ಬರು ಶಾಲಾ ಹುಡುಗರು ತೀರಿಕೊಂಡರು. ನಡು ಊರಿನ ಕೆರೆ ಅದು. ಈಜು ಕಲಿಯದೆ ದೋಣಿ ಹತ್ತಿಸುವ ಕೋಚ್ ಎಷ್ಟೇ ದೊಡ್ಡವರಾದರೂ ಅಲ್ಲಿಂದ ಮಗಳನ್ನು ಕರೆದುಕೊಂಡು ಬನ್ನಿ.

ಕೆರೆಏರಿ:
ಬೆಂಗಳೂರಲ್ಲಿ ಕೆರೆ ಕಡಿಮೆಯಾದರೂ ಈಜುಕೊಳಕ್ಕೆ ಬರ ಇಲ್ಲ. ಬೆಳಗಿನ ಬ್ಯಾಚಿಗೆ ಹೋಗಲಿ, ಸಂಜೆ ಮಕ್ಕಳ ಗಲಾಟೆ ಜಾಸ್ತಿ.

ವಿಜಯನಗರದಮ್ಮ:
ಒಂದೂವರೆ ತಿಂಗಳ ನಂತರ ಬರೆಯುತ್ತಿದ್ದೇನೆ. ಯಾರಾದರೂ ಇನ್ನೂ ಇಲ್ಲಿ ಇದ್ದೀರಾ?

2000 ಮೀಟರ್ ಮಾಡಿದಳು. 8 ನಿಮಿಷ 6 ಸೆಕೆಂಡ್. ಇಳಿದವಳೇ ಜಿಮ್ಮಿನ ಬಕೆಟ್ಟಿಗೆ ವಾಂತಿ ಮಾಡಿದಳು. ಆಮೇಲೆ ಅದನ್ನು ತೊಳೆದಿಟ್ಟು ಬಂದಳಂತೆ. ಅವಳ ಅಪ್ಪ "ಅಷ್ಟು ಕಷ್ಟ ಯಾಕಮ್ಮ" ಅಂದರೆ "ಮುಂದಿನ ಸಲ ಎಂಟರ ಒಳಗೆ" ಅಂದಳು. ಪರೀಕ್ಷೆ ಮುಗಿದ ಮೇಲೆ ಹೈದರಾಬಾದಿಗೆ ಒಂದು ಸಲ ಹೋಗಿ ಹುಸೇನ್ ಸಾಗರ ನೋಡಿ ಬರೋಣ ಅಂತ ಅವರೇ ರೈಲು ನೋಡುತ್ತಿದ್ದಾರೆ. ನಾನು ಹೇಳಿದ್ದಲ್ಲ.

ಈಜಿಗೂ ಸೇರಿಸಿದ್ದೇನೆ. ಮೊದಲ ವಾರ ಗೋಡೆ ಬಿಡಲಿಲ್ಲ. ನಿನ್ನೆ ನಿಲ್ಲದೆ 25 ಮೀಟರ್ ಹೋದಳು. ನಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ, ಕೊಳದ ಕಡೆ ನೋಡುವುದಿಲ್ಲ.

ಎಪ್ಪತ್ತೆರಡೂವರೆ:
ಇದ್ದೇನೆ ಅಕ್ಕ. ಮೊದಲ ಸಲಕ್ಕೆ 8:06 ಅಂದರೆ ಚೆನ್ನಾಗಿದೆ. ಅದಕ್ಕಿಂತ 25 ಮೀಟರ್ ಚೆನ್ನಾಗಿದೆ. ಅದು 200 ಆಗಲಿ. ಆಮೇಲೆ ಬಟ್ಟೆ ಹಾಕಿಕೊಂಡು 50 ಮೀಟರ್ ಈಜಿಸಿ. ಅದಾದ ದಿನ ಇಲ್ಲಿ ಬರೆಯಿರಿ, ಹೈದರಾಬಾದಲ್ಲಿ ಯಾರನ್ನು ಕೇಳಬೇಕು ಅಂತ ಹೇಳುತ್ತೇನೆ.

ವಿಜಯನಗರದಮ್ಮ:
ಬಟ್ಟೆ ಅಂದರೆ ಯಾವುದು ಸರ್?

ಎಪ್ಪತ್ತೆರಡೂವರೆ:
ಟೀ ಶರ್ಟು, ಟ್ರ್ಯಾಕ್ ಪ್ಯಾಂಟು ಸಾಕು. ಕೊಳದವರನ್ನು ಮೊದಲೇ ಕೇಳಿಕೊಳ್ಳಿ, ಇಲ್ಲದಿದ್ದರೆ ಸೀಟಿ ಊದುತ್ತಾರೆ. ಮತ್ತೆ ಅವತ್ತು ಒಂದು ದಿನ ನೀವೂ ಕೊಳದ ಕಡೆ ತಿರುಗಿ ಕೂತುಕೊಳ್ಳಿ.